ಆತ್ಮಕಥೆಯನ್ನು ತಕ್ಕಡಿಗೆ ಹಾಕಬೇಡಿ



ಹೋದ ಆಷಾಢದಲ್ಲಿ ಒಂದು ಸಂಜೆ ನಮ್ಮ ಬೀದಿಯ ರದ್ದಿ ಅಂಗಡಿಗೆ ಹಳೇ ಪೇಪರ್ ಹಾಕಲು ಹೋಗಿದ್ದೆ. ಅಂಗಡಿಯ ಹುಡುಗ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪುಸ್ತಕಗಳ ರಟ್ಟು ಕೀಳುತ್ತಿದ್ದ. ಎಡಗೈಯಲ್ಲಿ ಹಾಳೆಗಳ ಕಟ್ಟನ್ನು ಒತ್ತಿ ಹಿಡಿದು, ಬಲಗೈಯಿಂದ ರಟ್ಟನ್ನು ಹಿಂದಕ್ಕೆ ಮಡಿಸಿ ಎಳೆದರೆ ಬೆನ್ನಿನ ಬಟ್ಟೆ ಚರಕ್ಕೆಂದು ಬಿಟ್ಟುಕೊಳ್ಳುತ್ತಿತ್ತು. ರಟ್ಟು ಒಂದು ಗುಡ್ಡೆಗೆ, ಹಾಳೆ ಇನ್ನೊಂದು ಗುಡ್ಡೆಗೆ. ಯಾಕಪ್ಪಾ ಹೀಗೆ ಎಂದು ಕೇಳಿದೆ. "ರಟ್ಟಿಗೆ ಬೇರೆ ರೇಟು ಸಾರ್, ಹಾಳೆಗೆ ಬೇರೆ ರೇಟು. ಯಾರದೋ ಮನೆ ಖಾಲಿ ಮಾಡ್ತಿದ್ದಾರೆ, ತಾತ ಹೋದ್ರಂತೆ. ಮೂರು ಮೂಟೆ ಬಂತು" ಎಂದ. ಅವನ ಕೈಯಲ್ಲಿ ಆಗ ಇದ್ದದ್ದು ಮೌಲಾನಾ ಅಬುಲ್ ಕಲಾಂ ಆಜಾದರ 'ಇಂಡಿಯಾ ವಿನ್ಸ್ ಫ್ರೀಡಂ'. ಮುಂದಿನ ರಟ್ಟು ಆಗಲೇ ಹೋಗಿತ್ತು. ಹಿಂದಿನದು ಇನ್ನೂ ಎರಡು ದಾರದ ಮೇಲೆ ನೇತಾಡುತ್ತಿತ್ತು. ಇಪ್ಪತ್ತು ರೂಪಾಯಿ ಕೊಟ್ಟು ಇಸಿದುಕೊಂಡೆ. ತೂಕಕ್ಕೆ ಹಾಕಿದ್ದರೆ ಅವನಿಗೆ ಆರು ರೂಪಾಯಿಯೂ ಹುಟ್ಟುತ್ತಿರಲಿಲ್ಲ.

ಮನೆಗೆ ಬಂದು ತಿರುವಿ ನೋಡಿದರೆ ಅದು 1959ರ ಮುದ್ರಣ. ಅಂಚಿನಲ್ಲಿ ಪೆನ್ಸಿಲ್ಲಿನ ಬರಹ, ತೀರಾ ಸಣ್ಣ ಅಕ್ಷರ. 1946ರ ಕ್ಯಾಬಿನೆಟ್ ಮಿಷನ್ನಿನ ಮಾತು ಬರುವ ಕಡೆ ಒಂದು ಪ್ರಶ್ನೆ ಚಿಹ್ನೆ, ಮುಂದಿನ ಪುಟದಲ್ಲಿ ಇನ್ನೊಂದು, ಅದರ ಕೆಳಗೆ ಕನ್ನಡದಲ್ಲಿ 'ಪಟೇಲರ ಕಡೆಯವರು ಏನನ್ನುತ್ತಾರೆ?' ಎಂದು. ಆ ತಾತ ಯಾರೋ ನಾನರಿಯೆ. ಆದರೆ ಪುಸ್ತಕವನ್ನು ಹೇಗೆ ಓದಬೇಕೆಂದು ಅವರಿಗೆ ಗೊತ್ತಿತ್ತು. ಅವರು ಆಜಾದರ ಮಾತನ್ನು ವೇದವಾಕ್ಯ ಎಂದುಕೊಳ್ಳದೆ ಸಾಕ್ಷಿಯ ಹೇಳಿಕೆ ಎಂದು ತಿಳಿದು, ಎದುರು ಪಾರ್ಟಿಯ ವಕೀಲರಂತೆ ಸವಾಲು ಹಾಕಿದ್ದರು.

ಈ ಮನವಿ ಇಂಥ ಪುಸ್ತಕಗಳ ಬಗ್ಗೆ. ರಾಜಕಾರಣಿಗಳ, ದಿವಾನರ, ಮಂತ್ರಿಗಳ ನೆನಪಿನ ಪುಸ್ತಕಗಳು, ಅದರಲ್ಲೂ ರಟ್ಟು ಕಟ್ಟಿದ ಹಳೆಯ ಪ್ರತಿಗಳು, ನಮ್ಮ ಮನೆಗಳಿಂದ ತೂಕದ ಲೆಕ್ಕದಲ್ಲಿ ಹೊರಬೀಳುತ್ತಿವೆ. ಅವನ್ನು ತೂಕಕ್ಕೆ ಹಾಕಬೇಡಿ, ಪುಸ್ತಕವಾಗಿಯೇ ಮಾರಿ. ಕೊಳ್ಳುವವರು ಕೇಳಿ, ನೋಡಿ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಿ. ನನ್ನ ಬೇಡಿಕೆ ಇಷ್ಟೇ.

ಹಳೇ ಪ್ರತಿಯೇ ಯಾಕೆ, ಬೇಕಾದರೆ ಹೊಸದು ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಉತ್ತರ ಆಜಾದರ ಪುಸ್ತಕದಲ್ಲೇ ಇದೆ. ಆಜಾದರು ಉರ್ದುವಿನಲ್ಲಿ ಹೇಳುತ್ತಾ ಹೋದರು, ಹುಮಾಯೂನ್ ಕಬೀರರು ಅದನ್ನು ಇಂಗ್ಲಿಷಿನಲ್ಲಿ ಬರೆದರು. 1958ರ ಫೆಬ್ರುವರಿ 22ರಂದು ಆಜಾದರು ತೀರಿಕೊಂಡರು. ಮರುವರ್ಷ ಓರಿಯಂಟ್ ಲಾಂಗ್‌ಮನ್ಸ್ ಪುಸ್ತಕ ಹೊರತಂದಿತು. ಆದರೆ ಅದರಲ್ಲಿ ಸುಮಾರು ಮೂವತ್ತು ಪುಟಗಳಷ್ಟು ಬರಹ ಇರಲಿಲ್ಲ. ಅದನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ, ಒಂದು ಪ್ರತಿಯನ್ನು ಕಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಲ್ಲೂ ಇನ್ನೊಂದನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇಡಲಾಯಿತು. ಮೂವತ್ತು ವರ್ಷ ಯಾರೂ ತೆರೆಯುವಂತಿರಲಿಲ್ಲ. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ, ಕಡೆಗೆ 1988ರಲ್ಲಿ ಲಕೋಟೆ ತೆರೆದು, ಆ ವರ್ಷವೇ ಪೂರ್ಣ ಆವೃತ್ತಿ ಅಚ್ಚಾಯಿತು.

ಈಗ ನೋಡಿ, ಒಂದೇ ಹೆಸರಿನ ಎರಡು ಪುಸ್ತಕಗಳಿವೆ. ನೆಹರೂ ಬದುಕಿದ್ದಾಗ ದೇಶ ಓದಿ ಜಗಳವಾಡಿದ್ದು 1959ರ ಪುಸ್ತಕವನ್ನು. ಆಜಾದರು ಪೂರ್ತಿಯಾಗಿ ಏನು ಹೇಳಿದ್ದರು ಎಂಬುದು ತಿಳಿಯುವುದು 1988ರದ್ದರಿಂದ. ಇಂದು ಅಂಗಡಿಗೆ ಹೋಗಿ ಹೊಸ ಪ್ರತಿ ಕೇಳಿದರೆ ಕೊಡುವುದು ಎರಡನೆಯದನ್ನು. ಹಿಂದಿನ ಓದುಗರ ಕೈಗೆ ಏನು ಸಿಕ್ಕಿತ್ತು, ಏನು ಸಿಕ್ಕಿರಲಿಲ್ಲ ಎಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕಾದರೆ ಆ ಹಳೆಯ ಪ್ರತಿಯೇ ಬೇಕು. ನಮ್ಮ ಬೀದಿಯ ರದ್ದಿ ಅಂಗಡಿಯಲ್ಲಿ ರಟ್ಟು ಕಳೆದುಕೊಳ್ಳುತ್ತಿದ್ದದ್ದು ಅದು.

ಇದು ದೆಹಲಿಯ ಮಾತಾಯಿತು. ನಮ್ಮೂರಿನ ಮಾತಿಗೆ ಬನ್ನಿ. ಮೈಸೂರು ಸಂಸ್ಥಾನದ ಇಬ್ಬರು ದಿವಾನರು ತಮ್ಮ ನೆನಪುಗಳನ್ನು ಪುಸ್ತಕ ಮಾಡಿ ಹೋಗಿದ್ದಾರೆ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ 'ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' 1951ರಲ್ಲಿ ಬಂತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ 'ಮೈ ಪಬ್ಲಿಕ್ ಲೈಫ್' ಅನ್ನು 1954ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಪ್ರಕಟಿಸಿತು. ಒಬ್ಬರ ಪುಸ್ತಕ ಎಂಜಿನಿಯರ್ ಬರೆದ ವರದಿಯಂತೆ ನಡೆಯುತ್ತದೆ. ಇನ್ನೊಬ್ಬರದು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಗೇ ಓದಿ ಬೆಳೆದ ಗೆಳೆಯನ ದನಿ. ಇವೆರಡನ್ನೂ ಓದಿ, ಆಮೇಲೆ ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಮೈಸೂರಿನ ದಿವಾನರಿಗೇ ಮೀಸಲಾದ ಸಂಪುಟ ಹಿಡಿದರೆ, ದಿವಾನಗಿರಿಯನ್ನು ಒಳಗಿನಿಂದ ಕಂಡವರ ಮಾತಿಗೂ ಹೊರಗೆ ಪತ್ರಿಕೆ ನಡೆಸಿಕೊಂಡು ಕಂಡವರ ಮಾತಿಗೂ ಇರುವ ಅಂತರ ತಾನಾಗಿ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಎಲ್ಲಿ ಸಿಕ್ಕೀತು?

ಮುಂದಿನ ಕಾಲದಲ್ಲೂ ಇಂಥ ಪುಸ್ತಕಗಳಿಗೆ ಬರವಿಲ್ಲ. 1956ರಲ್ಲಿ ರಾಜ್ಯದ ಏಕೀಕರಣಕ್ಕೆ ಮುಂಚಿನ ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು 'ನನಸಾಗದ ಕನಸು' ಬರೆದರು. ಎಸ್. ನಿಜಲಿಂಗಪ್ಪನವರ 'ಮೈ ಲೈಫ್ ಅಂಡ್ ಪಾಲಿಟಿಕ್ಸ್' ಅವರು ತೀರಿಕೊಂಡ 2000ನೇ ಇಸವಿಯಲ್ಲೇ ಬಂತು. ಎಸ್. ಎಂ. ಕೃಷ್ಣ ಅವರ 'ಸ್ಮೃತಿವಾಹಿನಿ' 2020ರಲ್ಲಿ ಹೊರಬಂತು. ಬಿಡುಗಡೆಯ ದಿನ ಸಭಾಂಗಣ ತುಂಬುತ್ತದೆ, ಶಾಲು ಹಾರ ಆಗುತ್ತದೆ, ಪುಸ್ತಕ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಹತ್ತು ವರ್ಷ ಕಳೆದರೆ ಪುಸ್ತಕ ಕಪಾಟಿನ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷಕ್ಕೆ ಗೋಣಿಚೀಲಕ್ಕೆ. ಕಾದಂಬರಿ ಓದುಗರಿಗೆ ಬೇಕಾದರೆ ಪ್ರಕಾಶಕರು ಮತ್ತೆ ಅಚ್ಚು ಹಾಕುತ್ತಾರೆ. ಅಧಿಕಾರ ಹೋದ ರಾಜಕಾರಣಿಯ ಆತ್ಮಕಥೆಯನ್ನು ಮತ್ತೆ ಅಚ್ಚು ಹಾಕುವವರು ಕಡಿಮೆ. ಆದ್ದರಿಂದ ಇದ್ದ ಪ್ರತಿಗಳೇ ಕೈಯಿಂದ ಕೈಗೆ ಓಡಾಡಬೇಕು.

ಮನೆಯಲ್ಲಿ ಇಂಥ ಪುಸ್ತಕ ಇರುವವರಿಗೆ ಮೊದಲ ಮಾತು. ಹಿರಿಯರು ತೀರಿಕೊಂಡ ಮನೆಯಲ್ಲಿ ವೈಕುಂಠ ಸಮಾರಾಧನೆ ಮುಗಿದ ವಾರವೇ ಕಪಾಟು ಖಾಲಿ ಮಾಡುವ ಅವಸರ ಶುರುವಾಗುತ್ತದೆ. ಬಾಡಿಗೆ ಮನೆ, ಸಣ್ಣ ಫ್ಲಾಟು, ಹೊರದೇಶದಿಂದ ಬಂದ ಮಕ್ಕಳ ರಜೆ ಮುಗಿಯುವ ಭಯ, ಇವೆಲ್ಲ ನನಗೂ ಗೊತ್ತು. ಆದರೂ ರದ್ದಿಯವನಿಗೆ ಫೋನು ಮಾಡುವ ಮುಂಚೆ ಒಂದು ಸಂಜೆ ಕೂತು ರಟ್ಟಿನ ಪುಸ್ತಕಗಳನ್ನು ಬೇರೆ ಮಾಡಿ. ಪ್ರತಿಯೊಂದರ ಹಾಳೆ ಕೊಡವಿ ನೋಡಿ. ಒಳಗೆ ಹಳೆಯ ಕಾಗದ, ಬ್ಯಾಂಕ್ ರಸೀದಿ, ಹೆಣ್ಣುಮಕ್ಕಳ ಫೋಟೋ ಇದ್ದರೆ ತೆಗೆದಿಟ್ಟುಕೊಳ್ಳಿ. ಅವು ಪುಸ್ತಕದ ಜೊತೆ ಹೋಗಬಾರದು. ಮೊದಲ ಹಾಳೆಯಲ್ಲಿ ಅಪ್ಪನ ಹೆಸರು, ತಾರೀಖು ಇದ್ದರೆ ಅದನ್ನು ಹರಿಯಬೇಡಿ, ಕಪ್ಪು ಶಾಯಿ ಬಳಿಯಬೇಡಿ. ಹೆಸರು ಇರಲಿ, ವಿಳಾಸ ಮತ್ತು ಫೋನ್ ನಂಬರ್ ಮಾತ್ರ ಸಣ್ಣ ಬಿಳಿ ಚೀಟಿ ಅಂಟಿಸಿ ಮುಚ್ಚಿದರೆ ಸಾಕು. ಪೆನ್ಸಿಲ್ ಗುರುತುಗಳನ್ನು ಅಳಿಸಲು ಹೋಗಬೇಡಿ. ರಟ್ಟಿನ ಮೇಲಿನ ಕಾಗದದ ಹೊದಿಕೆ ಹರಿದಿದ್ದರೂ ಎಸೆಯಬೇಡಿ. ಹಳೆಯ ಪುಸ್ತಕಗಳಲ್ಲಿ ಬೆಲೆ, ಲೇಖಕರ ಪರಿಚಯ, ಪ್ರಕಾಶಕರು ಆ ಪುಸ್ತಕವನ್ನು ಅಂದು ಹೇಗೆ ಹೊಗಳಿ ಮಾರಿದರು ಎಂಬುದು ಎಷ್ಟೋ ಸಲ ಆ ಹೊದಿಕೆಯ ಮೇಲೆ ಮಾತ್ರ ಇರುತ್ತದೆ.

ಸಂಪುಟಗಳಾಗಿ ಬಂದಿದ್ದನ್ನು ಒಡೆಯಬೇಡಿ. ಪ್ರಣಬ್ ಮುಖರ್ಜಿಯವರ ನೆನಪುಗಳು 2014, 2016, 2017 ಮತ್ತು 2021ರಲ್ಲಿ ನಾಲ್ಕು ಪುಸ್ತಕಗಳಾಗಿ ಬಂದವು. ನಾಲ್ಕನೆಯದು ಬಂದದ್ದು ಅವರು ತೀರಿಕೊಂಡ ಮೇಲೆ. ನಾಲ್ಕೂ ಸೇರಿದರೆ ಇಂದಿರಾ ಗಾಂಧಿ ಕಾಲದಿಂದ ರಾಷ್ಟ್ರಪತಿ ಭವನದವರೆಗಿನ ಕಥೆ. ಮೂರು ಪುಸ್ತಕ ಒಬ್ಬರ ಕೈಗೆ, ಒಂದು ರದ್ದಿಗೆ ಹೋದರೆ ಕೊಂಡವರಿಗೂ ಮಾರಿದವರಿಗೂ ನಷ್ಟ. ನಾಲ್ಕನ್ನೂ ಒಂದೇ ದಾರದಲ್ಲಿ ಕಟ್ಟಿ ಕೊಡಿ.

ಎಲ್ಲಿ ಕೊಡುವುದು? ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು ಇದ್ದಾರೆ, ಚರ್ಚ್ ಸ್ಟ್ರೀಟಿನ ಅಂಗಡಿಗಳಿವೆ, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ 1945ರಿಂದ ನಡೆದುಬಂದ ಸೆಲೆಕ್ಟ್ ಬುಕ್ ಶಾಪ್ ಇದೆ. ಬೇರೆ ಊರಿನವರು ಫೋಟೋ ತೆಗೆದು ಇಂಥ ಅಂಗಡಿಗಳವರಿಗೆ ಕಳಿಸಿ ಬೆಲೆ ಕೇಳಬಹುದು. ಪುಸ್ತಕದ ಬೆನ್ನು, ಶೀರ್ಷಿಕೆ ಪುಟ, ಅದರ ಹಿಂಬದಿಯ ಪುಟ, ಹಾಳಾದ ಕಡೆ, ಈ ನಾಲ್ಕು ಫೋಟೋ ಸಾಕು. ದುಡ್ಡು ಬೇಡ ಎನ್ನುವವರು ಊರಿನ ಕಾಲೇಜಿನ ಇತಿಹಾಸ ಅಥವಾ ರಾಜ್ಯಶಾಸ್ತ್ರದ ಮೇಷ್ಟ್ರನ್ನು ಮೊದಲು ಕೇಳಿ. ಬೆಂಗಳೂರಿನಲ್ಲಿ ಡಿವಿಜಿಯವರೇ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಂಥ ಕಡೆ ಸಾರ್ವಜನಿಕ ಜೀವನದ ಪುಸ್ತಕಗಳಿಗೆ ಓದುಗರಿದ್ದಾರೆ. ಆದರೆ ಯಾವ ಗ್ರಂಥಾಲಯಕ್ಕೂ ಹೇಳದೆ ಕೇಳದೆ ಮೂಟೆ ಇಳಿಸಿ ಬರಬೇಡಿ. ಪಟ್ಟಿ ಕಳಿಸಿ, ಬೇಕೆಂದದ್ದನ್ನು ಮಾತ್ರ ಕೊಡಿ.

ಹಳೇ ಪುಸ್ತಕ ಮಾರುವುದು ತಪ್ಪಲ್ಲವೇ ಎಂದು ಕೆಲವರು ಹೆದರುತ್ತಾರೆ. ಹೆದರಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರತಿಗಳನ್ನು ಜನರಿಗೆ ಬಿಡುಗಡೆ ಮಾಡುವ ಹಕ್ಕನ್ನು ಕೃತಿಯ ಒಡೆಯರಿಗೆ ಕೊಡುವಾಗಲೇ, ಆಗಲೇ ಚಲಾವಣೆಗೆ ಬಂದಿರುವ ಪ್ರತಿಗಳನ್ನು ಅದರಿಂದ ಹೊರಗಿಟ್ಟಿದೆ. ನೀವು ದುಡ್ಡು ಕೊಟ್ಟು ಕೊಂಡ ಪ್ರತಿಯನ್ನು ಮಾರಲು ಯಾರ ಅಪ್ಪಣೆಯೂ ಬೇಡ. ಅಚ್ಚಾದ ಪುಸ್ತಕದ ಮೇಲೆ ಜಿಎಸ್‌ಟಿ ಕೂಡ ಇಲ್ಲ. ತಪ್ಪಾಗುವುದು ಜೆರಾಕ್ಸ್ ಮಾಡಿ ರಟ್ಟು ಹಾಕಿ ಮಾರುವುದು, ಇಲ್ಲವೇ ಗ್ರಂಥಾಲಯದಿಂದ ಕದ್ದದ್ದನ್ನು ಮಾರುವುದು.

ಕೊಳ್ಳುವವರಿಗೆ ಎರಡನೆಯ ಮಾತು. ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡ ತಕ್ಷಣ ಬೆಲೆ ಕೇಳಬೇಡಿ, ಶೀರ್ಷಿಕೆ ಪುಟದ ಹಿಂಬದಿ ತಿರುವಿ. ಮೊದಲ ಮುದ್ರಣದ ವರ್ಷ, ಮರುಮುದ್ರಣದ ವರ್ಷಗಳು ಅಲ್ಲಿರುತ್ತವೆ. ಹೊಸ ಕಾಲದ ಎಷ್ಟೋ ಪ್ರಕಾಶಕರ ಪುಸ್ತಕಗಳಲ್ಲಿ ಕೆಳಗೆ 1ರಿಂದ 10ರವರೆಗಿನ ಅಂಕಿಗಳ ಒಂದು ಸಾಲಿರುತ್ತದೆ. ಆ ಸಾಲಿನಲ್ಲಿ 1 ಉಳಿದಿದ್ದರೆ ಸಾಮಾನ್ಯವಾಗಿ ಅದು ಮೊದಲ ಅಚ್ಚು. ಆಜಾದರ ಪುಸ್ತಕ ಕೊಳ್ಳುವವರು ಯಾವುದು ಬೇಕೆಂದು ಮನಸ್ಸಿನಲ್ಲಿ ಮೊದಲೇ ಗಟ್ಟಿ ಮಾಡಿಕೊಳ್ಳಿ. ಪೂರ್ತಿ ಪಾಠ ಬೇಕೆಂದು ಹೋಗಿ, 'ಹಳೇದು, ಅಪರೂಪದ್ದು' ಎಂಬ ಮಾತಿಗೆ ಮರುಳಾಗಿ 1959ರದ್ದನ್ನು ತಂದರೆ ಮೂವತ್ತು ಪುಟ ಮನೆಗೆ ಬರುವುದಿಲ್ಲ.

ಆಮೇಲೆ ಬೆನ್ನು ನೋಡಿ. ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿದರೆ ನೆಟ್ಟಗೆ ನಿಲ್ಲಬೇಕು. ನಡುವೆ ತೆರೆದಾಗ ಹೊಲಿಗೆಯ ದಾರ ಕಂಡರೆ ಮತ್ತೆ ಬೈಂಡು ಮಾಡಿಸಬಹುದು. ಬರೀ ಗೋಂದಿನಿಂದ ಅಂಟಿಸಿದ್ದು ಸೀಳಿದ್ದರೆ ಕೆಲಸ ಕಷ್ಟ. ಪುಟಗಳ ಒಳಮೂಲೆಯಲ್ಲಿ ಸೂಜಿಯ ತೂತಿನಂಥ ರಂಧ್ರ, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಬದುಕಿದೆ ಎಂದು ತಿಳಿಯಿರಿ. ಅಂಥದ್ದನ್ನು ಇತರ ಪುಸ್ತಕಗಳ ನಡುವೆ ಇಡಬೇಡಿ. ಗ್ರಂಥಾಲಯದ ಸೀಲು ಇದ್ದರೆ, ಲೆಕ್ಕದಿಂದ ತೆಗೆದಿದ್ದೇವೆ ಎಂಬ ಸೀಲೂ ಇದೆಯೇ ಎಂದು ಹುಡುಕಿ. ಇಲ್ಲವಾದರೆ ಅಂಗಡಿಯವರನ್ನು ಕೇಳಿ, ಉತ್ತರ ಸರಿಬರದಿದ್ದರೆ ಬಿಟ್ಟುಬನ್ನಿ. ಎಷ್ಟೇ ಅಗ್ಗವಾಗಿ ಸಿಕ್ಕರೂ ಅದು ಊರಿನ ಸ್ವತ್ತು. ಫುಟ್‌ಪಾತಿನಲ್ಲಿ ಹೊಚ್ಚಹೊಸ ಆತ್ಮಕಥೆ ಕಾಲು ಬೆಲೆಗೆ ಸಿಕ್ಕರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂದಿನ ಪುಟದ ಅಕ್ಷರ ಈಚೆ ಕಾಣುತ್ತಿದ್ದರೆ, ಫೋಟೋಗಳು ಕಪ್ಪಗೆ ಮಸಿ ಬಳಿದಂತಿದ್ದರೆ, ಅದು ಕಳ್ಳ ಅಚ್ಚು.

ಬೆಲೆಯ ವಿಚಾರದಲ್ಲಿ ಎರಡೂ ಕಡೆಯವರಿಗೆ ಒಂದು ಕಿವಿಮಾತು. ಹಳೆಯದೆಲ್ಲ ಅಪರೂಪದ್ದಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಿರ್ಜಾ ಇಸ್ಮಾಯಿಲರು 1959ರಲ್ಲಿ ತೀರಿಕೊಂಡರು, ಅವರ ಪುಸ್ತಕದ ಕೃತಿಸ್ವಾಮ್ಯ 2019ರ ಕೊನೆಗೆ ಮುಗಿಯಿತು. ವಿಶ್ವೇಶ್ವರಯ್ಯನವರು 1962ರಲ್ಲಿ, ಹಾಗಾಗಿ ಅವರದು 2022ರ ಕೊನೆಗೆ. ಈಗ ಯಾರು ಬೇಕಾದರೂ ಅವನ್ನು ಅಚ್ಚು ಹಾಕಬಹುದು, ಸ್ಕ್ಯಾನ್ ಮಾಡಿ ಹಂಚಬಹುದು. ಓದಿದರೆ ಸಾಕು ಎನ್ನುವವರು ಹಳೆಯ ರಟ್ಟಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಮೊದಲ ಅಚ್ಚೇ ಬೇಕು ಎನ್ನುವವರು ಕೊಡಲಿ, ಅದು ಅವರ ಪ್ರೀತಿ. ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟು: ಪುಸ್ತಕದ ಒಳಗೆ ಪೆನ್ಸಿಲ್ಲಿನಲ್ಲಿ ಬೆಲೆಯ ಜೊತೆಗೆ ಮುದ್ರಣದ ವರ್ಷ, ಇಲ್ಲದ ಪುಟ, ಹೊಸ ಬೈಂಡು ಇದ್ದರೆ ಅದು, ಇಷ್ಟನ್ನು ಬರೆದಿಡಿ. ಬೆಲೆಯ ಚೀಟಿಯನ್ನು ಅಂಟಿಸಬೇಡಿ. ಕೀಳುವಾಗ ಹೊದಿಕೆಯ ಬಣ್ಣವೂ ಜೊತೆಗೆ ಕಿತ್ತುಬರುತ್ತದೆ.

ದೂರದ ಊರಿಗೆ ಕಳಿಸುವವರಿಗೆ ಅಂಚೆಯ ದಾರಿ ಇದೆ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆಂದೇ 'ಜ್ಞಾನ ಪೋಸ್ಟ್' ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿಯಿಂದ ಶುರುವಾಗಿ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ ಎಂದು ಆರಂಭದ ದರ ಇತ್ತು. ನಿಮ್ಮ ಪುಸ್ತಕ ಅದರಡಿ ಬರುತ್ತದೆಯೇ, ಇವತ್ತಿನ ದರವೇನು ಎಂದು ಕೌಂಟರಿನಲ್ಲಿ ಕೇಳಿ ಕಳಿಸಿ. ರಟ್ಟಿನ ಪುಸ್ತಕಕ್ಕೆ ಪೆಟ್ಟು ಬೀಳುವುದು ನಾಲ್ಕು ಮೂಲೆಗೆ. ಮೂಲೆಗಳಿಗೆ ದಪ್ಪ ಕಾಗದ ಮಡಿಸಿ ಟೋಪಿ ಹಾಕಿ, ಮಳೆಗಾಲವಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಮೇಲೆ ರಟ್ಟಿನ ಪೆಟ್ಟಿಗೆಗೆ ಇಳಿಸಿ.

ಇನ್ನೊಂದು ಮಾತು ಉಳಿಯಿತು, ಇದು ಮನಸ್ಸಿಗೆ ಸಂಬಂಧಿಸಿದ್ದು. ಆತ್ಮಕಥೆ ಎಸೆಯುವಾಗ ನಾವು ಪಕ್ಷ ನೋಡುತ್ತೇವೆ. 'ಅವರದ್ದಾ? ಅವರು ಮಾಡಿದ್ದು ಗೊತ್ತಿಲ್ವಾ? ಹಾಕು ಮೂಟೆಗೆ' ಎನ್ನುತ್ತೇವೆ. ಕೊಳ್ಳುವಾಗಲೂ ನಮಗೆ ಬೇಕಾದವರದ್ದನ್ನೇ ಕೊಳ್ಳುತ್ತೇವೆ. ರಾಜಕಾರಣಿ ತನ್ನ ಕಥೆ ಬರೆಯುವಾಗ ತನಗೆ ಬೇಕಾದ್ದನ್ನು ನೆನೆಯುತ್ತಾನೆ, ಬೇಡದ್ದನ್ನು ಮರೆಯುತ್ತಾನೆ, ನಿಜ. ಆದರೆ ಅವನು ಏನನ್ನು ಮರೆತ ಎಂದು ಹಿಡಿಯಬೇಕಾದರೆ ಅವನು ಬರೆದದ್ದು ಕೈಯಲ್ಲಿರಬೇಕು, ಅವನ ಎದುರಾಳಿ ಬರೆದದ್ದೂ ಪಕ್ಕದಲ್ಲಿರಬೇಕು. ಸುಳ್ಳು ಹೇಳಿದವನ ಹೇಳಿಕೆಯನ್ನೂ ಕೋರ್ಟು ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ನಿಮಗೆ ಆಗದವರ ಪುಸ್ತಕವೇ ಮೂಟೆಯಲ್ಲಿ ಸಿಕ್ಕರೆ ಅದನ್ನು ಮೊದಲು ಉಳಿಸಿ. ಅದನ್ನು ಓದಿ ತಕರಾರು ತೆಗೆಯುವ ಹಕ್ಕು ನಿಮ್ಮ ಮೊಮ್ಮಕ್ಕಳಿಗೂ ಇರಲಿ.

ರದ್ದಿ ಅಂಗಡಿಯ ಆ ಪ್ರತಿಯನ್ನು ಬೈಂಡರ್ ಹತ್ತಿರ ಒಯ್ದೆ. ಉಳಿದಿದ್ದ ಹಿಂದಿನ ರಟ್ಟನ್ನು ಹಾಗೇ ಇಟ್ಟು, ಮುಂದೆ ಹೊಸ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ ಕೊಟ್ಟರು, 180 ರೂಪಾಯಿ ಆಯಿತು. ಪೆನ್ಸಿಲ್ ಬರಹ ಒಂದೂ ಕತ್ತರಿಗೆ ಸಿಗದಂತೆ ಅಂಚು ಕತ್ತರಿಸಬೇಡಿ ಎಂದು ಮೊದಲೇ ಹೇಳಿದ್ದೆ. ನನ್ನಲ್ಲಿ 1988ರ ಆವೃತ್ತಿ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ ಮುಗಿಸಿದ ಮೇಲೆ ಹಳೆಯದನ್ನು ಇತಿಹಾಸ ಪಾಠ ಮಾಡುವ ಒಬ್ಬ ಮೇಷ್ಟ್ರಿಗೆ ಇನ್ನೂರು ರೂಪಾಯಿಗೆ ಮಾರಿದೆ. ಲಾಭವಿಲ್ಲ, ನಷ್ಟವಿಲ್ಲ. ಅವರ ವಿದ್ಯಾರ್ಥಿಗಳು ಈಗ ಆ ಅಪರಿಚಿತ ತಾತನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ.

ನಿಮ್ಮ ಅಟ್ಟದ ಮೇಲೂ ಇಂಥ ಒಂದು ಪುಸ್ತಕ ಇದ್ದೀತು. ಈ ಭಾನುವಾರ ಏಣಿ ಹಾಕಿ ಇಳಿಸಿ, ಧೂಳು ಕೊಡವಿ, ಶೀರ್ಷಿಕೆ ಪುಟದ ಹಿಂಬದಿಯ ವರ್ಷ ಓದಿ. ನೀವು ಇಟ್ಟುಕೊಳ್ಳುವುದಾದರೆ ಓದಿ. ಇಲ್ಲವಾದರೆ ಓದುವವರಿಗೆ ಮಾರಿ. ತೂಕಕ್ಕೆ ಮಾತ್ರ ಹಾಕಬೇಡಿ.